ಕೂಸಿನ ಕೋಣೆಗೆ ನಂಜು ಬರುವ ದಾರಿಗಳು

ನವಜಾತ ಶಿಶುಗಳ ತೀವ್ರ ನಿಗಾ ಘಟಕವೊಂದರಲ್ಲಿ ಒಂದೇ ವಾರದಲ್ಲಿ ಮೂರು ನಾಲ್ಕು ಕೂಸುಗಳು ತೀರಿಕೊಂಡವು ಎಂಬ ಸುದ್ದಿ ಬಂತೆನ್ನಿ. ಮುಂದೇನಾಗುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ಆಸ್ಪತ್ರೆಯ ಮುಂದೆ ಗಲಾಟೆ, ಮೇಲಧಿಕಾರಿಗಳ ಭೇಟಿ, ರಾತ್ರಿಪಾಳಿಯ ನರ್ಸ್ ಒಬ್ಬರ ಅಮಾನತು, ತನಿಖಾ ಸಮಿತಿ, ಘಟಕಕ್ಕೆ ಎರಡು ದಿನ ಬೀಗ, ಒಳಗೆ ಫಾರ್ಮಲಿನ್ ಹೊಗೆ. ಮೂರನೆಯ ದಿನ ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ಆಂಬುಲೆನ್ಸ್‌ಗಳು ಕಾಯುತ್ತಿರುತ್ತವೆ. ಅದೇ ವಾರ್ಮರ್‌ಗಳ ಮೇಲೆ, ಅದೇ ಇಕ್ಕಟ್ಟಿನಲ್ಲಿ, ಹೊಸ ಕೂಸುಗಳು ಮಲಗುತ್ತವೆ.

ಇಂಥ ಹಾವಳಿಗಳ ಬಗ್ಗೆ ಜಗತ್ತಿನಾದ್ಯಂತ ಎಪ್ಪತ್ತು ವರ್ಷಗಳಿಂದ ಬರೆದಿಟ್ಟ ವರದಿಗಳನ್ನು ಸಾಲಾಗಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಪ್ರತಿ ವರದಿಯಲ್ಲೂ ಒಬ್ಬ ಅಪರಾಧಿ ಸಿಕ್ಕಿಬೀಳುತ್ತಾನೆ. ಒಂದು ಕಡೆ ನಲ್ಲಿ, ಇನ್ನೊಂದು ಕಡೆ ಉಗುರು, ಮತ್ತೊಂದು ಕಡೆ ಹಾಲು ಅಳೆಯುವ ಪಾತ್ರೆ. ಅಪರಾಧಿ ಪ್ರತಿ ಸಲವೂ ಬೇರೆ. ಆದರೆ ಆ ಅಪರಾಧ ನಡೆಯಲು ಆಸ್ಪದ ಕೊಟ್ಟ ಪರಿಸ್ಥಿತಿ ಬಹಳಷ್ಟು ಕಡೆ ಒಂದೇ: ಜಾಗಕ್ಕೆ ಮೀರಿದ ಕೂಸುಗಳು, ಕೂಸುಗಳಿಗೆ ಸಾಲದ ಕೈಗಳು, ದಿನನಿತ್ಯದ ಲೆಕ್ಕ ಇಡದ ಘಟಕ. ಹಾವಳಿಯನ್ನು ತಡೆಯುವ ಕೆಲಸ ಹಾವಳಿ ಇಲ್ಲದ ದಿನಗಳಲ್ಲೇ ಆಗಬೇಕು ಎಂದು ನನಗೆ ತೋರುವುದು ಇದರಿಂದಲೇ.

ಈ ಕೂಸುಗಳೇ ಏಕೆ ಇಷ್ಟು ಬೇಗ ನಂಜಿಗೆ ತುತ್ತಾಗುತ್ತವೆ? ತಾಯಿಯ ರಕ್ತದಿಂದ ಮಗುವಿಗೆ ಇಳಿಯುವ ರಕ್ಷಕ ಪ್ರತಿಕಾಯಗಳ ಬಹುಪಾಲು ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಬರುವಂಥದ್ದು. ಏಳನೆಯ ತಿಂಗಳಿಗೇ ಹುಟ್ಟಿದ ಮಗು ಆ ಬುತ್ತಿ ಇಲ್ಲದೆ ಹೊರಟು ಬಂದಿರುತ್ತದೆ. ಅದರ ಚರ್ಮ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಅಂಟುಪಟ್ಟಿ ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ. ಹೊಕ್ಕುಳಿಗೆ ಒಂದು ನಳಿಕೆ, ಮೂಗಿಗೆ ಒಂದು, ಕೈಗೆ ಕ್ಯಾನುಲಾ. ಬದುಕಿಸಲು ಹಾಕಿದ ಒಂದೊಂದು ನಳಿಕೆಯೂ ಸೂಕ್ಷ್ಮಜೀವಿಗೆ ತೆರೆದ ಬಾಗಿಲು. ಇನ್ನೊಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ಹುಟ್ಟಿದ ಮಗುವಿನ ಕರುಳಲ್ಲಿ ಮೊದಲು ನೆಲೆಸಬೇಕಾದದ್ದು ತಾಯಿಯ ಮೈಯ ಬ್ಯಾಕ್ಟೀರಿಯಾ. ತಾಯಿಯಿಂದ ದೂರವಿಟ್ಟ ಮಗುವಿನ ಕರುಳನ್ನು ಆಸ್ಪತ್ರೆಯ ಬ್ಯಾಕ್ಟೀರಿಯಾ ಆಕ್ರಮಿಸಿಕೊಳ್ಳುತ್ತದೆ. ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ದಿನ ಮೊದಲೇ ನೆಲೆ ಸಿದ್ಧವಾಗಿರುತ್ತದೆ. ಒಂದು ಕೂಸಿಗೆ ಜ್ವರ ಬರುವ ಹೊತ್ತಿಗೆ ಪಕ್ಕದ ಐದಾರು ಕೂಸುಗಳ ಕರುಳಲ್ಲಿ ಅದೇ ತಳಿ ಮೌನವಾಗಿ ಬೆಳೆಯುತ್ತಿದ್ದೀತು.

ಇತಿಹಾಸದ ಮೊದಲ ಪಾಠ ಕಹಿಯಾದದ್ದು. 1950ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಫಿಲಿಸ್ ರೌಂಟ್ರೀ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಪೆನಿಸಿಲಿನ್‌ಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ತಳಿಯೊಂದನ್ನು ಗುರುತಿಸಿದರು. 80/81 ಎಂಬ ಸಂಖ್ಯೆಯಿಂದ ಹೆಸರಾದ ಆ ತಳಿ ಮುಂದೆ ಬ್ರಿಟನ್, ಅಮೆರಿಕಗಳ ಹೆರಿಗೆ ಆಸ್ಪತ್ರೆಗಳಲ್ಲೂ ಹಬ್ಬಿತು. ಆಗಿನ ಪದ್ಧತಿಯಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ತಾಯಂದಿರಿಂದ ಬೇರ್ಪಡಿಸಿ ಒಂದೇ ಹಾಲ್‌ನಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಹಬ್ಬುವುದಕ್ಕೆ ಇನ್ನೇನು ಬೇಕು! ಇದಕ್ಕೆ ಹುಡುಕಿದ ಪರಿಹಾರ ಹೆಕ್ಸಾಕ್ಲೋರೋಫೀನ್ ಎಂಬ ಔಷಧದಿಂದ ಕೂಸುಗಳಿಗೆ ದಿನವೂ ಮೈ ತೊಳೆಯುವುದು. ಸೋಂಕು ಇಳಿಯಿತು. ಆದರೆ ಔಷಧ ಎಳೆಯ ಚರ್ಮದ ಮೂಲಕ ರಕ್ತಕ್ಕೆ ಸೇರಿ ಮಿದುಳಿಗೆ ಹಾನಿ ಮಾಡುತ್ತದೆ ಎಂಬುದು 1970ರ ಆಸುಪಾಸಿನಲ್ಲಿ ಗೊತ್ತಾಯಿತು. 1972ರಲ್ಲಿ ಫ್ರಾನ್ಸಿನಲ್ಲಿ ಕಾರ್ಖಾನೆಯ ತಪ್ಪಿನಿಂದ ಈ ಔಷಧ ಬೆರೆತುಹೋದ ಟಾಲ್ಕಂ ಪೌಡರ್ ಬಳಸಿ 36 ಮಕ್ಕಳು ಸತ್ತರು. ಅದೇ ವರ್ಷ ಅಮೆರಿಕ ಅದರ ಬಳಕೆಗೆ ಕಡಿವಾಣ ಹಾಕಿತು. ದೊಡ್ಡವರಿಗೆ ಒಗ್ಗುವ ಸೋಂಕುನಾಶಕ ಕೂಸಿಗೂ ಒಗ್ಗುತ್ತದೆ ಎಂದು ಭಾವಿಸುವವರು ಈಗಲೂ ಇದ್ದಾರೆ, ಅದಕ್ಕೇ ಈ ಹಳೆಯ ಕತೆ ಹೇಳಿದೆ.

ವೆಂಟಿಲೇಟರ್, ನಳಿಕೆಗಳ ಕಾಲ ಬಂದ ಮೇಲೆ ಶತ್ರುವಿನ ಜಾತಿ ಬದಲಾಯಿತು. ಕ್ಲೆಬ್ಸಿಯೆಲ್ಲಾ, ಸೂಡೊಮೊನಾಸ್, ಸೆರಾಶಿಯಾ, ಅಸಿನೆಟೊಬ್ಯಾಕ್ಟರ್‌ಗಳು ಮುಂಚೂಣಿಗೆ ಬಂದವು. ಇವುಗಳಲ್ಲಿ ಹೆಚ್ಚಿನವಕ್ಕೆ ತೇವವೆಂದರೆ ಪ್ರಾಣ. ಸಿಂಕ್, ಆಮ್ಲಜನಕವನ್ನು ಹಸಿಯಾಗಿಸುವ ಬಾಟಲಿಯ ನೀರು, ಸಕ್ಷನ್ ನಳಿಕೆ, ಒದ್ದೆ ನೆಲಒರೆಸು, ಇವೆಲ್ಲ ಅವುಗಳ ಮನೆ.

ನೀರಿನ ವಿಷಯಕ್ಕೆ ಉತ್ತರ ಐರ್ಲೆಂಡಿನ ಪ್ರಕರಣವನ್ನು ನೋಡಬೇಕು. 2011ರ ಡಿಸೆಂಬರ್‌ನಲ್ಲಿ ಡೆರಿ ನಗರದ ಆಲ್ಟ್ನಗೆಲ್ವಿನ್ ಆಸ್ಪತ್ರೆಯಲ್ಲಿ ಒಂದು, ಮರು ತಿಂಗಳು ಬೆಲ್‌ಫಾಸ್ಟ್‌ನ ರಾಯಲ್ ಜುಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಮೂರು ಕೂಸುಗಳು ಸೂಡೊಮೊನಾಸ್ ಸೋಂಕಿನಿಂದ ತೀರಿಕೊಂಡವು. ತನಿಖೆಯಲ್ಲಿ ಸಿಕ್ಕಿಬಿದ್ದದ್ದು ನಲ್ಲಿಗಳು. ಅವು ಕೊಳಕು ನಲ್ಲಿಗಳೇನಲ್ಲ, ಆಧುನಿಕ ವಿನ್ಯಾಸದವು. ನೀರು ಚಿಮ್ಮದೆ ನೇರವಾಗಿ ಬೀಳಲೆಂದು ಬಾಯಿಯಲ್ಲಿ ಇಟ್ಟಿದ್ದ ಪುಟ್ಟ ಬಿಡಿಭಾಗದಲ್ಲಿ ಬ್ಯಾಕ್ಟೀರಿಯಾಗಳ ಲೋಳೆಪದರ ಕಟ್ಟಿಕೊಂಡಿತ್ತು. ಡಯಾಪರ್ ಬದಲಿಸುವಾಗ ಅದೇ ನಲ್ಲಿಯ ನೀರಿನಿಂದ ಕೂಸುಗಳನ್ನು ಒರೆಸುತ್ತಿದ್ದರು. ಕೈ ತೊಳೆಯಲೆಂದು ಹೆಚ್ಚು ಹೆಚ್ಚು ಸಿಂಕ್‌ಗಳನ್ನು ಕೂಡಿಸಿದ್ದೇ ಅಪಾಯವನ್ನು ಹತ್ತಿರ ತಂದಿತು ಎಂಬುದು ಇಲ್ಲಿನ ವ್ಯಂಗ್ಯ. ಆಮೇಲೆ ತೀವ್ರ ನಿಗಾ ಘಟಕದ ಕೂಸುಗಳಿಗೆ ಸೂಕ್ಷ್ಮಜೀವಿಮುಕ್ತ ನೀರನ್ನೇ ಬಳಸಬೇಕೆಂಬ ಸೂಚನೆ ಬಂತು. ನೆದರ್ಲೆಂಡ್ಸ್‌ನ ನೈಮೆಗನ್‌ನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ದೊಡ್ಡವರ ತೀವ್ರ ನಿಗಾ ಘಟಕದ ರೋಗಿಕೋಣೆಗಳಿಂದ ಸಿಂಕ್‌ಗಳನ್ನೇ ಕಿತ್ತುಹಾಕಿದರು. ರೋಗಿಗಳ ಮೈಯಲ್ಲಿ ಆ ಬಗೆಯ ಬ್ಯಾಕ್ಟೀರಿಯಾ ಕಡಿಮೆಯಾಯಿತು. ನಮ್ಮಲ್ಲಿ ದಿನಕ್ಕೆ ಕೆಲವೇ ಗಂಟೆ ನೀರು ಬರುವ ಆಸ್ಪತ್ರೆಗಳಿವೆ. ಬಕೆಟ್ಟಿನಲ್ಲಿ ನೀರು ಹಿಡಿದಿಟ್ಟು ಮಗ್ಗಿನಿಂದ ಕೈ ತೊಳೆಯುವ ಕಡೆ ಈ ಪಾಠ ಇನ್ನೂ ತೀಕ್ಷ್ಣವಾಗಿ ಅನ್ವಯಿಸುತ್ತದೆ.

ಇನ್ನು ಕೈ. ಅಮೆರಿಕದ ಒಕ್ಲಹೋಮ ಸಿಟಿಯ ಒಂದು ಘಟಕದಲ್ಲಿ 1997ರ ಜನವರಿಯಿಂದ 1998ರ ಮಾರ್ಚ್‌ವರೆಗೆ ದಾಖಲಾದ 439 ಕೂಸುಗಳಲ್ಲಿ 46ಕ್ಕೆ ಸೂಡೊಮೊನಾಸ್ ತಗುಲಿತು, ಅವುಗಳಲ್ಲಿ 16 ಸತ್ತವು. ಸಿಬ್ಬಂದಿಯ ಕೈಗಳನ್ನು ಪರೀಕ್ಷಿಸಿದಾಗ ಉದ್ದ ಉಗುರು ಬಿಟ್ಟವರ, ಕೃತಕ ಉಗುರು ಅಂಟಿಸಿಕೊಂಡವರ ಕೈಗಳತ್ತ ಬೆರಳು ಹೊರಳಿತು. ಅಂದಿನಿಂದ ಕೃತಕ ಉಗುರಿಗೆ, ಉಂಗುರಕ್ಕೆ, ಕೈಗಡಿಯಾರಕ್ಕೆ ಘಟಕದ ಬಾಗಿಲಲ್ಲೇ ತಡೆ. ನಮ್ಮಲ್ಲಿ ಇದಕ್ಕೆ ಬಳೆಗಳನ್ನೂ ಸೇರಿಸಬೇಕು. ಬಳೆ ತೆಗೆಯುವುದು ಅನೇಕ ಹೆಣ್ಣುಮಕ್ಕಳಿಗೆ ಸಲೀಸಾದ ಮಾತಲ್ಲ. ಗೋಡೆಗೆ ನಿಯಮ ಅಂಟಿಸುವವರು ಅವರ ಜೊತೆ ಕೂತು ಮಾತಾಡಿದ್ದರೆ ನಿಯಮ ಹೆಚ್ಚು ಪಾಲನೆಯಾಗುತ್ತಿತ್ತು.

ಕೈ ತೊಳೆಯಿರಿ ಎಂದು ಉಪದೇಶಿಸುವುದು ಸುಲಭ. ಜಿನೀವಾದಲ್ಲಿ ದಿದಿಯೆ ಪಿಟೆ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಸಿಂಕ್ ಬಳಿಗೆ ಹೋಗಿ ಬರುವಷ್ಟು ಸಮಯ ನರ್ಸ್‌ಗಳಿಗೆ ಇಲ್ಲವೆಂಬುದನ್ನು ಒಪ್ಪಿಕೊಂಡು ಆಲ್ಕೊಹಾಲ್ ದ್ರಾವಣವನ್ನು ಪ್ರತಿ ಹಾಸಿಗೆಯ ಬಳಿಗೇ ತಂದರು. ಕೈ ಶುಚಿಗೊಳಿಸುವ ಪ್ರಮಾಣ ಮೂರು ವರ್ಷಗಳಲ್ಲಿ ಶೇ 48ರಿಂದ ಶೇ 66ಕ್ಕೆ ಏರಿತು, ಆಸ್ಪತ್ರೆಯಲ್ಲಿ ಅಂಟುವ ಸೋಂಕು ಇಳಿಯಿತು. ಗಮನಿಸಿ, ಅಷ್ಟು ಸಿರಿವಂತ ಆಸ್ಪತ್ರೆಯಲ್ಲೂ ಮೂರರಲ್ಲಿ ಒಂದು ಸಲ ಕೈ ತಪ್ಪುತ್ತಿತ್ತು. ಒಬ್ಬ ನರ್ಸ್ ಎಂಟು ಕೂಸುಗಳನ್ನು ನೋಡಬೇಕಾದ ಕಡೆ ಎಷ್ಟು ತಪ್ಪೀತು? ಇದಕ್ಕೆ ಹಳೆಯದಾದರೂ ಗಟ್ಟಿಯಾದ ಉತ್ತರ ಅಮೆರಿಕದ ಹೇಲಿ ಮತ್ತು ಬ್ರೆಗ್ಮನ್ ಅವರ 1982ರ ಅಧ್ಯಯನದಲ್ಲಿದೆ. ಒಬ್ಬ ನರ್ಸ್‌ಗೆ ಏಳಕ್ಕಿಂತ ಹೆಚ್ಚು ಕೂಸುಗಳು ಬಂದ ದಿನಗಳ ಬೆನ್ನಿಗೇ ಸ್ಟ್ಯಾಫಿಲೊಕಾಕಸ್ ಸೋಂಕಿನ ಗುಂಪುಗಳು 16 ಪಟ್ಟು ಹೆಚ್ಚಾಗಿ ಕಾಣಿಸಿಕೊಂಡಿದ್ದವು. ನನ್ನ ದೃಷ್ಟಿಯಲ್ಲಿ ಈ ವಿಷಯದ ಮೇಲೆ ಬಂದ ಎಲ್ಲ ಸಂಖ್ಯೆಗಳಲ್ಲಿ ಇದೇ ಮುಖ್ಯವಾದದ್ದು, ಮತ್ತು ಆಡಳಿತಗಾರರು ಎಲ್ಲಕ್ಕಿಂತ ಕಡಿಮೆ ಉಲ್ಲೇಖಿಸುವುದೂ ಇದನ್ನೇ. ಸ್ಯಾನಿಟೈಸರ್ ಖರೀದಿಗೆ ಟೆಂಡರ್ ಕರೆಯಬಹುದು. ನರ್ಸ್ ಹುದ್ದೆ ತುಂಬಲು ಹಣಕಾಸು ಇಲಾಖೆಯ ಒಪ್ಪಿಗೆ ಬೇಕು.

ಡ್ರಿಪ್ ಮತ್ತು ಹಾಲಿನ ದಾರಿಯೂ ದೊಡ್ಡದೇ. ದಕ್ಷಿಣ ಆಫ್ರಿಕಾದ ಡರ್ಬನ್ ಬಳಿಯ ಫೀನಿಕ್ಸ್‌ನಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಆಸ್ಪತ್ರೆ ಇದೆ. ಗಾಂಧಿಯವರು ಆಶ್ರಮ ಕಟ್ಟಿದ ಊರದು. 2005ರಲ್ಲಿ ಅಲ್ಲಿ 20ಕ್ಕೂ ಹೆಚ್ಚು ಕೂಸುಗಳು ಕ್ಲೆಬ್ಸಿಯೆಲ್ಲಾ ಸೋಂಕಿಗೆ ಬಲಿಯಾದವು. ಒಂದೇ ಬಾಟಲಿಯ ದ್ರಾವಣವನ್ನು ಹಲವು ಸಲ, ಹಲವು ಕೂಸುಗಳಿಗೆ ಹಂಚಿದ್ದು ಮೂಲ ಎಂದು ಕಂಡುಬಂತು. ದೂರದ ಕತೆ ಎನ್ನುವಂತಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಔಷಧದ ಸೀಸೆ ಬರುವುದು ದೊಡ್ಡವರ ಪ್ರಮಾಣದಲ್ಲಿ. ಒಂದು ಕಿಲೊ ತೂಕದ ಕೂಸಿಗೆ ಬೇಕಾಗುವುದು ಅದರ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಉಳಿದದ್ದನ್ನು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಮಿತವ್ಯಯ ನಮ್ಮ ರಕ್ತದಲ್ಲೇ ಇರುವ ಗುಣ. ಸೀಸೆ ಮೇಜಿನ ಮೇಲೆ ಉಳಿಯುತ್ತದೆ, ಸೂಜಿ ಮತ್ತೆ ಮತ್ತೆ ಒಳಗೆ ಹೋಗುತ್ತದೆ.

ಎಚ್ಚರಿಕೆ ವಹಿಸಿದ ಕಡೆಯೂ ಅನಾಹುತವಾಗಿದೆ. 2010ರ ಆಗಸ್ಟ್‌ನಲ್ಲಿ ಜರ್ಮನಿಯ ಮೈಂಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕಲುಷಿತ ಪೋಷಕ ದ್ರಾವಣ 11 ಮಕ್ಕಳ ಮೈಸೇರಿತು, ಮೂರು ತೀರಿಕೊಂಡವು. ಮೊದಲ ಸಂಶಯ ಸಹಜವಾಗಿ ದ್ರಾವಣ ಬೆರೆಸಿದ ಸಿಬ್ಬಂದಿಯ ಮೇಲೆ ಬಿತ್ತು. ಆದರೆ ದ್ರಾವಣದಲ್ಲಿ ಸೇರಿಕೊಂಡಿದ್ದ ಬ್ಯಾಕ್ಟೀರಿಯಾ ವಿಷದ ಪ್ರಮಾಣ ನೋಡಿದಾಗ ಸೂಕ್ಷ್ಮಜೀವಿಗಳು ಬಹಳ ಮೊದಲಿನಿಂದ ಬೆಳೆಯುತ್ತಿದ್ದವೆಂದು ತಿಳಿಯಿತು. ಆಸ್ಪತ್ರೆಗೆ ಬರುವ ಮೊದಲೇ ಒಂದು ಗಾಜಿನ ಬಾಟಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರುಕು ಬಿಟ್ಟಿತ್ತು. ಆತುರಪಟ್ಟು ಯಾರನ್ನಾದರೂ ಜೈಲಿಗೆ ಕಳಿಸಿದ್ದರೆ ಸತ್ಯ ಹೊರಬರುತ್ತಿತ್ತೇ? ಬ್ರಿಟನ್ನಿನಲ್ಲಿ 2014ರಲ್ಲಿ ಕಾರ್ಖಾನೆಯಿಂದಲೇ ಕಲುಷಿತವಾಗಿ ಬಂದ ದ್ರಾವಣದಿಂದ 19 ಕೂಸುಗಳಿಗೆ ಬ್ಯಾಸಿಲಸ್ ಸೀರಿಯಸ್ ಸೋಂಕು ತಗುಲಿ ಮೂರು ಸತ್ತವು. ತಯಾರಕರಿಗೆ 2022ರಲ್ಲಿ 12 ಲಕ್ಷ ಪೌಂಡ್ ದಂಡ ಬಿತ್ತು.

ಹಾಲಿನ ಪುಡಿ ಸೂಕ್ಷ್ಮಜೀವಿಮುಕ್ತ ಆಹಾರವಲ್ಲ ಎಂಬುದು ಜಗತ್ತಿಗೆ ಮನದಟ್ಟಾದದ್ದು 2001ರಲ್ಲಿ, ಅಮೆರಿಕದ ಟೆನೆಸಿಯ ಘಟಕವೊಂದರಲ್ಲಿ ಪುಡಿಯಲ್ಲಿದ್ದ ಬ್ಯಾಕ್ಟೀರಿಯಾದಿಂದ ಒಂದು ಕೂಸು ಮಿದುಳುಪೊರೆಯ ಉರಿಯೂತಕ್ಕೆ ಬಲಿಯಾದಾಗ. ತಾಯಿಯ ಹಾಲು ಎಲ್ಲಕ್ಕಿಂತ ಸುರಕ್ಷಿತ, ಅದು ಸಿಗದಿದ್ದರೆ ದಾನದ ಹಾಲು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಶುರುವಾಗಿದೆ. ಹಾಗೆಂದು ಹಾಲು ಒಳ್ಳೆಯದಾದರೆ ಸಾಲದು. ಪೆನ್ಸಿಲ್ವೇನಿಯಾದ ಡ್ಯಾನ್‌ವಿಲ್‌ನಲ್ಲಿ 2019ರಲ್ಲಿ ಎಂಟು ಕೂಸುಗಳಿಗೆ ಸೋಂಕಾಗಿ ಮೂರು ತೀರಿಕೊಂಡದ್ದು ದಾನದ ಹಾಲನ್ನು ಅಳೆಯುವ ಪಾತ್ರೆಗಳಿಂದ.

ಇಷ್ಟೆಲ್ಲ ಹುಡುಕಾಟಕ್ಕೆ ಈಚೆಗೆ ಹೊಸ ಸಾಧನವೊಂದು ಒದಗಿದೆ. 2011ರಲ್ಲಿ ಕೇಂಬ್ರಿಜ್‌ನ ರೋಸಿ ಆಸ್ಪತ್ರೆಯ ಕೂಸುಗಳಲ್ಲಿ ಮೆಥಿಸಿಲಿನ್‌ಗೆ ಜಗ್ಗದ ಸ್ಟ್ಯಾಫಿಲೊಕಾಕಸ್ (ಎಂಆರ್‌ಎಸ್‌ಎ) ಆಗಾಗ ಕಾಣಿಸಿಕೊಳ್ಳುತ್ತಿತ್ತು. ಅವೆಲ್ಲ ಒಂದೇ ಸರಪಣಿಯೋ ಬಿಡಿ ಪ್ರಕರಣಗಳೋ ತಿಳಿಯುತ್ತಿರಲಿಲ್ಲ. ಬ್ಯಾಕ್ಟೀರಿಯಾದ ಇಡೀ ಜಿನೋಮ್ ಓದಿದಾಗ ಒಂದೇ ಸರಪಣಿ ಎಂದು ಖಚಿತವಾಯಿತು. ಘಟಕವನ್ನು ತಿಕ್ಕಿ ತೊಳೆದು 64 ದಿನ ಎಲ್ಲ ಸರಿಯಿದೆ ಎಂದುಕೊಂಡ ಮೇಲೆ ಮತ್ತೆ ಒಂದು ಪ್ರಕರಣ ಬಂತು, ಅದೂ ಅದೇ ತಳಿ. 154 ಸಿಬ್ಬಂದಿಯನ್ನು ಪರೀಕ್ಷಿಸಿದರು. ಒಬ್ಬರು ತಮಗೇ ಅರಿವಿಲ್ಲದೆ ಅದನ್ನು ಹೊತ್ತಿದ್ದರು. ಅವರಿಗೆ ಚಿಕಿತ್ಸೆ ಕೊಟ್ಟರು, ಹೆಸರು ಹೊರಹಾಕಲಿಲ್ಲ. ತಾನು ಸೋಂಕು ಹೊತ್ತಿದ್ದೇನೆ ಎಂದು ಗೊತ್ತಾದರೆ ಕೆಲಸ ಹೋಗುವುದಿಲ್ಲ ಎಂಬ ನಂಬಿಕೆ ಇದ್ದರೆ ಮಾತ್ರ ಯಾರಾದರೂ ಪರೀಕ್ಷೆಗೆ ಮೂಗು ಒಡ್ಡುತ್ತಾರೆ.

ಈಗ ಭಾರತಕ್ಕೆ ಬರೋಣ. ಇಲ್ಲಿ ‘ಹಾವಳಿ’ ಎಂಬ ಕಲ್ಪನೆಯೇ ತೊಡಕಿನದು. ಎಂದಿಗಿಂತ ಹೆಚ್ಚು ಪ್ರಕರಣಗಳು ಬಂದರೆ ಹಾವಳಿ. ಆದರೆ ಎಂದಿನದು ಎಷ್ಟು? ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ 13,530 ಕೂಸುಗಳನ್ನು ಗಮನಿಸಿದ ಡೆನಿಸ್ ಅಧ್ಯಯನ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ನೂರರಲ್ಲಿ 14 ಕೂಸುಗಳಿಗೆ ನಂಜು. ರಕ್ತದಲ್ಲಿ ಬ್ಯಾಕ್ಟೀರಿಯಾ ಖಚಿತವಾದವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಸತ್ತವು. ಮೊದಲ ಸ್ಥಾನದಲ್ಲಿದ್ದ ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಶೇ 82ರಷ್ಟು ಹಲವು ಔಷಧಗಳಿಗೆ ಜಗ್ಗದವು. ನಂಜಿನ ಸುಮಾರು ಮೂರನೆಯ ಎರಡು ಭಾಗ ಮೊದಲ 72 ಗಂಟೆಗಳಲ್ಲೇ ಕಾಣಿಸಿಕೊಂಡಿತ್ತು. ಪಶ್ಚಿಮದ ಪಠ್ಯಪುಸ್ತಕಗಳ ಪ್ರಕಾರ ಇಷ್ಟು ಬೇಗ ಬರುವ ನಂಜು ತಾಯಿಯಿಂದ ಬಂದದ್ದು. ಆದರೆ ದೆಹಲಿಯಲ್ಲಿ ಬೇಗ ಬಂದ ನಂಜಿಗೂ ತಡವಾಗಿ ಬಂದದ್ದಕ್ಕೂ ಕಾರಣವಾದ ಸೂಕ್ಷ್ಮಜೀವಿಗಳು ಒಂದೇ. ಅಂದರೆ ಹೆರಿಗೆ ಕೋಣೆಯಲ್ಲೋ ಘಟಕಕ್ಕೆ ಬಂದ ಮೊದಲ ಗಂಟೆಗಳಲ್ಲೋ ಆಸ್ಪತ್ರೆಯೇ ಅದನ್ನು ಅಂಟಿಸಿರುವ ಸಾಧ್ಯತೆ ಬಲವಾಗಿದೆ. ಬೇರೆ ದೇಶಗಳಲ್ಲಿ ಹಾವಳಿ ಎನಿಸುವಷ್ಟು ಸೋಂಕು ನಮ್ಮಲ್ಲಿ ಮಾಮೂಲಿ ಮಂಗಳವಾರ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಆಸ್ಪತ್ರೆಗಳಲ್ಲಿ ಕೂಸುಗಳಿಗೆ ಸೋಂಕು ಶ್ರೀಮಂತ ದೇಶಗಳಿಗಿಂತ 3ರಿಂದ 20 ಪಟ್ಟು ಹೆಚ್ಚು ಎಂದು 2005ರಲ್ಲೇ ಲೆಕ್ಕ ಹಾಕಿದ್ದರು.

ಇದಕ್ಕೆ ಒಂದು ಕಾರಣ ನಮ್ಮ ಯಶಸ್ಸೇ. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 2003ರಲ್ಲಿ ಶುರುವಾದ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದ (ಎಸ್‌ಎನ್‌ಸಿಯು) ಮಾದರಿ ಈಗ ಜಿಲ್ಲಾ ಆಸ್ಪತ್ರೆಗಳಿಗೆಲ್ಲ ಹರಡಿದೆ. ಹಿಂದೆ ಮನೆಯಲ್ಲೇ ಅಥವಾ ದಾರಿಯಲ್ಲೇ ಸಾಯುತ್ತಿದ್ದ ಕೂಸುಗಳು ಇಂದು ಘಟಕ ತಲುಪುತ್ತಿವೆ. ಮೂರು ನಾಲ್ಕು ಹಾಸಿಗೆಗೆ ಪ್ರತಿ ಪಾಳಿಯಲ್ಲಿ ಒಬ್ಬ ನರ್ಸ್ ಎಂದು ಮಾರ್ಗಸೂಚಿ ಹೇಳುತ್ತದೆ. ಆದರೆ ಬಂದ ಕೂಸನ್ನು ವಾಪಸು ಕಳಿಸುವಂತಿಲ್ಲ, ಒಂದೇ ವಾರ್ಮರ್ ಮೇಲೆ ಎರಡು ಮಲಗುತ್ತವೆ. ಹಲವು ಜಿಲ್ಲೆಗಳಲ್ಲಿ ರಕ್ತದ ಕಲ್ಚರ್ ಪರೀಕ್ಷೆಯ ಸೌಲಭ್ಯವೂ ಇಲ್ಲ. ಹಾಗಾಗಿ ಸಾವಿನ ಕಾರಣದ ಕಾಲಂನಲ್ಲಿ ‘ಸೆಪ್ಸಿಸ್’ (ನಂಜು) ಎಂದಷ್ಟೇ ಬರೆದು ಮುಗಿಯುತ್ತದೆ. ಯಾವ ಬ್ಯಾಕ್ಟೀರಿಯಾ, ಪಕ್ಕದ ಕೂಸಿನದೂ ಅದೇನಾ ಎಂದು ಕೇಳುವವರಿಲ್ಲ.

ಕಾರಣ ತಿಳಿಯದಿದ್ದಾಗ ಭಯಕ್ಕೆ ಆ್ಯಂಟಿಬಯೋಟಿಕ್ ಸುರಿಯುತ್ತೇವೆ. ರಾಟರ್‌ಡ್ಯಾಮ್‌ನ ವೈದ್ಯರು ಎರಡು ಘಟಕಗಳಲ್ಲಿ ಎರಡು ಬಗೆಯ ಔಷಧ ಜೋಡಿಗಳನ್ನು ಅದಲುಬದಲು ಮಾಡಿ ನೋಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಪೆನಿಸಿಲಿನ್ ಮತ್ತು ಟೋಬ್ರಾಮೈಸಿನ್ ಬಳಸಿದಾಗಿನದಕ್ಕಿಂತ ಅಮಾಕ್ಸಿಸಿಲಿನ್ ಮತ್ತು ಸೆಫೊಟ್ಯಾಕ್ಸಿಮ್ ಬಳಸಿದಾಗ, ಕೊಟ್ಟ ಔಷಧಕ್ಕೇ ಜಗ್ಗದ ಬ್ಯಾಕ್ಟೀರಿಯಾ ಕೂಸುಗಳ ಮೈಯಲ್ಲಿ ನೆಲೆಸುವ ಸಂಭವ 18 ಪಟ್ಟು ಹೆಚ್ಚಿತ್ತು. ಶಕ್ತಿಶಾಲಿ ಔಷಧ ಕೊಟ್ಟೆವೆಂಬ ಸಮಾಧಾನದಲ್ಲಿ ಮುಂದಿನ ಹಾವಳಿಯ ಬೀಜ ಇರುತ್ತದೆ.

ಸುಲಭ ಉಪಾಯಗಳ ಹುಡುಕಾಟವೂ ನಡೆದಿದೆ. ಹಾಲಿನಲ್ಲಿರುವ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನ್ ಕೊಟ್ಟರೆ ನಂಜು ತಗ್ಗುತ್ತದೆಂದು 2009ರ ಇಟಲಿಯ ಅಧ್ಯಯನ ಆಸೆ ಹುಟ್ಟಿಸಿತು. ಬ್ರಿಟನ್ನಿನ 2,200 ಕೂಸುಗಳ ಮೇಲಿನ ದೊಡ್ಡ ಅಧ್ಯಯನ 2019ರಲ್ಲಿ ಅದನ್ನು ತಣ್ಣಗಾಗಿಸಿತು. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ಕೂಸುಗಳ ಮೇಲೆ ನಡೆದ ಅಧ್ಯಯನದಲ್ಲಿ ನಂಜು ಮತ್ತು ಸಾವು ಒಟ್ಟಾಗಿ ಪ್ರೊಬಯೋಟಿಕ್ ಪಡೆಯದವುಗಳಲ್ಲಿ ಶೇ 9, ಪಡೆದವುಗಳಲ್ಲಿ ಶೇ 5.4 ಇದ್ದದ್ದು 2017ರಲ್ಲಿ ಪ್ರಕಟವಾಯಿತು. ಆದರೆ ಅವು ಆರೋಗ್ಯವಾಗಿ ಹುಟ್ಟಿದ ಕೂಸುಗಳು. ತಿಂಗಳು ತುಂಬದ ಕೂಸುಗಳ ವಿಷಯದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಕೆ ಕೊಟ್ಟಿದೆ, ಪ್ರೊಬಯೋಟಿಕ್‌ನ ಬ್ಯಾಕ್ಟೀರಿಯಾವೇ ರಕ್ತ ಸೇರಿ ಒಂದು ಕೂಸು ಸತ್ತ ಮೇಲೆ. ಢಾಕಾದ ಆಸ್ಪತ್ರೆಯೊಂದರಲ್ಲಿ ಅಕಾಲಿಕ ಕೂಸುಗಳ ಮೈಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಆಸ್ಪತ್ರೆಯ ಸೋಂಕು ಸುಮಾರು ಶೇ 40ರಷ್ಟು ತಗ್ಗಿತ್ತು. ಎಣ್ಣೆ ಬಿಟ್ಟು ಬೇರೆ ಮಾತಾಡದ ನಮ್ಮ ಅಜ್ಜಿಯರಿಗೆ ಇದು ಖುಷಿ ಕೊಡಬಹುದು, ಆದರೆ ಆಮೇಲಿನ ಎಲ್ಲ ಅಧ್ಯಯನಗಳೂ ಹಾಗೆ ಹೇಳಿಲ್ಲ.

ಫಾರ್ಮಲಿನ್ ಹೊಗೆಯ ಬಗ್ಗೆಯೂ ಒಂದು ಮಾತು. ವಾಡಿಕೆಯಂತೆ ಹೊಗೆ ಹಾಕುವುದನ್ನು ಇಂದು ಸೋಂಕು ನಿಯಂತ್ರಣದ ಮಾರ್ಗಸೂಚಿಗಳು ಒಪ್ಪುವುದಿಲ್ಲ. ಅದು ಕ್ಯಾನ್ಸರ್‌ಕಾರಕ. ಕಣ್ಣುರಿ ಬರಿಸುವ ಆ ವಾಸನೆ ಏನೋ ಕ್ರಮ ಕೈಗೊಂಡರು ಎಂಬ ಭಾವನೆ ಹುಟ್ಟಿಸುತ್ತದೆ ಅಷ್ಟೇ. ನೆಲ, ವಾರ್ಮರ್ ಅಂಚು, ಮಾನಿಟರ್ ಗುಂಡಿಗಳನ್ನು ದಿನವೂ ಸೋಪುನೀರು, ಸೋಂಕುನಾಶಕದಿಂದ ಒರೆಸುವುದು ಹೆಚ್ಚು ಫಲಕಾರಿ. ಆ ಕೆಲಸ ಮಾಡುವವರು ಹೊರಗುತ್ತಿಗೆಯ ಗ್ರೂಪ್ ‘ಡಿ’ ಸಿಬ್ಬಂದಿ. ತರಬೇತಿ ಕೊಟ್ಟ ಆಯಾ ಮುಂದಿನ ತಿಂಗಳು ಇರುತ್ತಾರೆಂಬ ಭರವಸೆ ಇಲ್ಲ.

ಇಷ್ಟರ ನಡುವೆ ನಿಜವಾಗಿ ಉಪಯೋಗಕ್ಕೆ ಬಂದ ದೊಡ್ಡ ಯೋಚನೆ ಇಕ್ಕಟ್ಟಿನಲ್ಲೇ ಹುಟ್ಟಿತು. ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಕೂಸುಗಳನ್ನು ಒಟ್ಟೊಟ್ಟಿಗೆ ಮಲಗಿಸಬೇಕಾಗಿತ್ತು, ಒಂದರಿಂದ ಒಂದಕ್ಕೆ ಸೋಂಕು ದಾಟುತ್ತಿತ್ತು. 1978ರಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಎದೆಗೆ ಕಟ್ಟಿದರು. ಕಾಂಗರೂ ಆರೈಕೆ ಎಂದು ಹೆಸರಾದ ಇದನ್ನು ಬಹುಕಾಲ ಬಡವರ ಇನ್‌ಕ್ಯುಬೇಟರ್ ಎಂದೇ ಭಾವಿಸಲಾಯಿತು, ಅದೂ ಕೂಸು ಚೇತರಿಸಿಕೊಂಡ ಮೇಲೆ ಮಾತ್ರ. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ದೆಹಲಿಯ ಸಫ್ದರ್‌ಜಂಗ್ ಸೇರಿದಂತೆ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ 1ರಿಂದ 1.8 ಕಿಲೊ ತೂಕದೊಳಗಿನ 3,211 ಕೂಸುಗಳು. ಹುಟ್ಟಿದ ಕೂಡಲೇ, ಚೇತರಿಕೆಗೆ ಕಾಯದೆ, ಘಟಕದೊಳಗೇ ತಾಯಿಯ ಎದೆಯ ಮೇಲೆ ದಿನಕ್ಕೆ ಸುಮಾರು 17 ಗಂಟೆ ಇರಿಸಿದವುಗಳಲ್ಲಿ ಸಾವು ಶೇ 12. ಎಂದಿನ ಕ್ರಮದಲ್ಲಿ ಶೇ 15.7. ನಂಜೂ ಶೇ 18ರಷ್ಟು ತಗ್ಗಿತ್ತು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಇದರ ಹಿಂದಿನ ತರ್ಕ ಸರಳ. ತಾಯಿ ಪಕ್ಕದಲ್ಲಿದ್ದರೆ ಕೂಸಿನ ಮೈಮೇಲೆ ನೆಲೆಸುವುದು ಅವಳ ಬ್ಯಾಕ್ಟೀರಿಯಾ, ಹೊಟ್ಟೆಗೆ ಹೋಗುವುದು ಅವಳ ಹಾಲು, ಮುಟ್ಟುವ ಪರಕೈಗಳು ಕಡಿಮೆ. ಡಯಾಪರ್ ಬದಲಿಸುವುದು, ಹಾಲು ಕುಡಿಸುವುದು, ಉಸಿರಾಟ ಗಮನಿಸುವುದು ಎಲ್ಲ ಅವಳ ಪಾಲಿಗೆ ಬಂದಾಗ ನರ್ಸ್‌ಗೆ ಉಸಿರಾಡಲು, ಕೈ ಶುಚಿಮಾಡಿಕೊಳ್ಳಲು ಪುರಸೊತ್ತು ಸಿಗುತ್ತದೆ. ಹಾಗೆಂದು ತಾಯಿಯನ್ನು ಸಂಬಳವಿಲ್ಲದ ನರ್ಸ್ ಮಾಡಿ ಹುದ್ದೆ ಖಾಲಿ ಬಿಡುವ ನೆಪ ಇದಾಗಬಾರದು.

ಕರ್ನಾಟಕಕ್ಕೂ ಇದರ ಅನುಭವವಿದೆ. ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ ಬೆಂಗಳೂರಿನ ಸೇಂಟ್ ಜಾನ್ಸ್‌ನ ಸಂಶೋಧಕರು ಎರಡು ಕಿಲೊಗಿಂತ ಕಡಿಮೆ ತೂಕದ ಕೂಸುಗಳಿಗೆ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ವಿಸ್ತರಿಸುವುದು ಹೇಗೆಂದು ನೋಡಿದರು. ಆಸ್ಪತ್ರೆಯಲ್ಲಿ ಆರಂಭ, ಮನೆಯಲ್ಲಿ ಮುಂದುವರಿಕೆ, ಬೆನ್ನಿಗೆ ಆಶಾ ಕಾರ್ಯಕರ್ತೆಯರು. ಕೇಂದ್ರ ಸರ್ಕಾರವೂ ಈಗ ತಾಯಿ ಮತ್ತು ನವಜಾತ ಶಿಶು ಒಟ್ಟಿಗಿರುವ ಎಂಎನ್‌ಸಿಯು ಘಟಕಗಳತ್ತ ಹೊರಳಿದೆ.

ತೊಡಕು ಕಟ್ಟಡದಲ್ಲಿದೆ. ಸಿಸೇರಿಯನ್ ಆದ ಬಾಣಂತಿ ಮೇಲಿನ ಮಹಡಿಯ ಹೆರಿಗೆ ವಾರ್ಡಿನಲ್ಲಿ, ಕೂಸು ಇನ್ನೊಂದು ಬ್ಲಾಕಿನ ಘಟಕದಲ್ಲಿ. ಅವಳನ್ನು ನೋಡುವವರು ಪ್ರಸೂತಿ ತಜ್ಞರು, ಕೂಸನ್ನು ನೋಡುವವರು ಮಕ್ಕಳ ತಜ್ಞರು, ಎರಡು ವಿಭಾಗಗಳ ರೌಂಡ್ಸ್ ಬೇರೆ, ಕೇಸ್‌ಶೀಟ್ ಬೇರೆ. ಘಟಕದೊಳಗೆ ತಾಯಿ ಉಳಿಯಬೇಕಾದರೆ ವಾರ್ಮರ್ ಪಕ್ಕದಲ್ಲೊಂದು ಮಂಚ ಬೇಕು, ಹತ್ತಿರದಲ್ಲೇ ಶೌಚಾಲಯ ಬೇಕು, ಹೊತ್ತಿಗೆ ಬಿಸಿನೀರು, ಊಟ ಬೇಕು, ಅವಳ ಹೊಲಿಗೆ ನೋಡಲು ವೈದ್ಯರು ಅಲ್ಲಿಗೇ ಬರಬೇಕು. ಅವಳು ಏಳಲಾಗದ ಮೊದಲ ದಿನ ಗಂಡನೋ ಅವಳ ತಾಯಿಯೋ ಕೂಸನ್ನು ಎದೆಗವಚಿಕೊಳ್ಳಬಹುದು, ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲೂ ಹಾಗೆ ಮಾಡಿದ್ದರು. ಅದಕ್ಕೆ ‘ಒಳಗೆ ಪ್ರವೇಶವಿಲ್ಲ’ ಎಂಬ ಫಲಕ ಇಳಿಯಬೇಕು. ಹಳೆಯ ಆಸ್ಪತ್ರೆಗಳಲ್ಲಿ ಗೋಡೆ ಒಡೆಯದೆ ಇದು ಆಗುವುದಿಲ್ಲ. ಆದರೆ ರಾಜ್ಯದಲ್ಲಿ ತಾಯಿ ಮತ್ತು ಮಕ್ಕಳ ಹೊಸ ಆಸ್ಪತ್ರೆಗಳ ನಕ್ಷೆಗಳು ಇನ್ನೂ ಮಂಜೂರಾಗುತ್ತಲೇ ಇವೆ, ಹೆರಿಗೆ ವಾರ್ಡ್ ಮತ್ತು ಎಸ್‌ಎನ್‌ಸಿಯು ನಡುವೆ ಎಷ್ಟು ದೂರವಿದೆ ಎಂದು ಸಹಿ ಹಾಕುವ ಮೊದಲೇ ಕೇಳಬಹುದು.